ಮೂರನೇ ವೈರು ಎಲ್ಲಿ?



ಈ ದಿನ ನಾವು ಬಿಸಿನೀರಿನ ಗೀಸರ್ ಬಗ್ಗೆ ನಾಲ್ಕು ಮಾತು ಹೇಳ್ತೇವೆ. ಇದು ನಮ್ಮ ಮನೆಯಲ್ಲೇ ನಡೆದದ್ದು. ನಾವು ಮಾಡಿದ ತಪ್ಪು. ಹೇಳಿಕೊಳ್ಳಲು ನಾಚಿಕೆ ಆಗ್ತದೆ. ಆದರೂ ಹೇಳಬೇಕು. ಯಾಕೆಂದರೆ ನಿಮ್ಮ ಮನೆಯಲ್ಲಿ ಇದು ಆಗಬಾರದು.

ಅಂದು ನೀರು ತುಂಬುವ ಹಬ್ಬ. ನಾಳೆ ಬೆಳಗಾದರೆ ಎಣ್ಣೆ ಸ್ನಾನ. ಅಮ್ಮ ಹಳೆಯ ಹಂಡೆಯನ್ನು ಹುಣಸೆಹಣ್ಣು ಹಾಕಿ ಬೆಳಗಿದ್ದರು. ನಾವು ಮಾತ್ರ ಈ ಸಲ ಹೊಗೆ ಬೇಡ, ಸೌದೆ ಬೇಡ ಎಂದು 15 ಲೀಟರಿನ ಗೀಸರ್ ತಂದಿದ್ದೆವು.

ಕೂರಿಸುವವನು ಸಂಜೆ ಬಂದ. ಅವನಿಗೆ ಅವಸರ. ಗೋಡೆಗೆ ಗೀಸರ್ ತಗುಲಿಸಿದ. ಪೈಪು ಜೋಡಿಸಿದ. ದೀಪದ ಬೋರ್ಡಿನಿಂದ ವೈರು ಎಳೆದು ಒಂದು ಸಾಕೆಟ್ ಕೂರಿಸಿದ. ಡಬ್ಬದಲ್ಲಿ ಒಂದು ಹಿತ್ತಾಳೆಯ ಸಾಮಾನು ಹಾಗೇ ಉಳಿಯಿತು.

"ಇದೇನಪ್ಪಾ?" ಎಂದು ಕೇಳಿದೆವು.

"ಅದು ವಾಲ್ವು ಮೇಷ್ಟ್ರೇ. ಹಬ್ಬ ಮುಗಿಸಿ ಬಂದು ಹಾಕ್ತೀನಿ. ನಾಳೆ ಸ್ನಾನಕ್ಕೆ ಏನೂ ತೊಂದ್ರೆ ಇಲ್ಲ" ಅಂದ.

ನಾವು ಪೂರ್ತಿ ದುಡ್ಡು ಎಣಿಸಿ ಕೊಟ್ಟೆವು.

ಬೆಳಗಿನ ಜಾವ ಅಮ್ಮ ಬಚ್ಚಲಿಗೆ ಹೋದರು. ನಲ್ಲಿ ಮುಟ್ಟಿದವರು ಕೈ ಹಿಂದಕ್ಕೆ ಎಳೆದುಕೊಂಡರು. "ಜುಮ್ ಅಂತು ಕಣೋ!"

"ಚಳಿಗೆ ಜೋಮು ಹಿಡಿದಿರಬೇಕಮ್ಮಾ" ಎಂದೆವು.

"ಜೋಮು ಯಾವುದು, ಕರೆಂಟು ಯಾವುದು ನನಗೆ ಗೊತ್ತಿಲ್ವಾ? ಮೊದಲು ಮೇನ್ ಸ್ವಿಚ್ ಆರಿಸು."

ಆರಿಸಿದೆವು. ಅಮ್ಮ ಟಾರ್ಚ್ ಹಿಡಿದು ನೋಡಿದರು. ನಮ್ಮ ಅಮ್ಮ ಅಕ್ಷರ ಕಲಿತದ್ದು ನಿಮ್ಮ ಹಾಗೆಯೇ, ರಾತ್ರಿ ಶಾಲೆಯಲ್ಲಿ. ಅವರು ಬೆರಳಿಟ್ಟು ಎಣಿಸಿದರು. "ಪ್ಲಗ್ಗಿಗೆ ಕಾಲು ಮೂರು. ಬೋರ್ಡಿನಿಂದ ಬಂದ ವೈರು ಎರಡು. ಮೂರನೇ ವೈರು ಎಲ್ಲಿ?"

ನಮ್ಮ ಬಳಿ ಉತ್ತರ ಇರಲಿಲ್ಲ.

"ಬೇಡದ ಸಾಮಾನನ್ನು ಕಂಪನಿಯವರು ಡಬ್ಬದಲ್ಲಿ ಯಾಕೆ ಇಡ್ತಾರೆ?" ಇದಕ್ಕೂ ಉತ್ತರ ಇರಲಿಲ್ಲ. ಊರಿಗೆಲ್ಲ ಓದಲು ಹೇಳುವ ನಾವು ಡಬ್ಬದಲ್ಲಿದ್ದ ಕಾಗದವನ್ನೇ ಓದಿರಲಿಲ್ಲ. ಅಂದು ಸೌದೆ ಹಾಕಿ ಹಂಡೆಯಲ್ಲೇ ನೀರು ಕಾಯಿಸಿದೆವು. ಹಬ್ಬ ಮುಗಿದ ಮೇಲೆ ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ ಬಂದರು. ಅವರು ತಿಳಿಸಿದ್ದನ್ನು ಈಗ ನಿಮಗೆ ಹೇಳ್ತೇವೆ.

ಮೂರನೇ ವೈರಿಗೆ ಅರ್ತ್ ವೈರು ಎನ್ನುತ್ತಾರೆ. ಅದರ ಬಣ್ಣ ಹಸಿರು, ಇಲ್ಲವೇ ಹಸಿರಿನ ಮೇಲೆ ಹಳದಿ ಗೆರೆ. ಪ್ಲಗ್ಗಿನ ದಪ್ಪ ಕಾಲು ಅದರದ್ದು. ಆ ವೈರು ಮನೆಯ ಹೊರಗೆ ನೆಲದಲ್ಲಿ ಹೂತಿಟ್ಟ ಲೋಹದ ಕೊಳವೆಗೋ ತಗಡಿಗೋ ಸೇರಬೇಕು. ಗೀಸರ್ ಒಳಗೆ ಏನಾದರೂ ಕೆಟ್ಟರೆ ಕರೆಂಟು ಅದರ ಮೈಗೆ, ನೀರಿಗೆ ಹರಿಯುತ್ತದೆ. ಅರ್ತ್ ಇದ್ದರೆ ಆ ಕರೆಂಟು ನೆಲಕ್ಕೆ ಹೋಗುತ್ತದೆ. ಫ್ಯೂಸು ಹೋಗುತ್ತದೆ. ಅರ್ತ್ ಇಲ್ಲದಿದ್ದರೆ? ಒದ್ದೆ ಕೈಯಲ್ಲಿ ನಲ್ಲಿ ಮುಟ್ಟಿದವರ ಮೈಯೇ ಅದಕ್ಕೆ ದಾರಿ. ಅಂದು ಅಮ್ಮ ಬದುಕಿದ್ದೇ ಹೆಚ್ಚು.

ಇನ್ನು ವಾಲ್ವು. ಹಂಡೆಗೆ ಬಾಯಿ ಇದೆ. ನೀರು ಕುದಿದರೆ ಆವಿ ಹೊರಗೆ ಹೋಗುತ್ತದೆ. ಗೀಸರ್ ಬಾಯಿ ಮುಚ್ಚಿದ ಹಂಡೆ. ಕಾದ ನೀರು ಉಬ್ಬುತ್ತದೆ. 15 ಲೀಟರ್ ನೀರು 20 ಡಿಗ್ರಿಯಿಂದ 60 ಡಿಗ್ರಿಗೆ ಕಾದರೆ ಸುಮಾರು ಒಂದು ಲೋಟದಷ್ಟು ಹೆಚ್ಚುತ್ತದೆ. ಅದು ಎಲ್ಲಿಗೆ ಹೋಗಬೇಕು? ಕಾವು ಹಿಡಿತದಲ್ಲಿಡುವ ಥರ್ಮೋಸ್ಟಾಟ್ ಕೆಟ್ಟರಂತೂ ನೀರು ಕಾಯುತ್ತಲೇ ಇರುತ್ತದೆ. ಒತ್ತಡ ಏರಿ ಗೀಸರ್ ಸಿಡಿಯಬಹುದು. ಒತ್ತಡ ಹೆಚ್ಚಾದಾಗ ವಾಲ್ವು ತೆರೆದು ನೀರು ಬಿಡುತ್ತದೆ. ವಾಲ್ವೇ ಗೀಸರಿನ ಬಾಯಿ. ಕಾಯುವಾಗ ಅದರಿಂದ ಹನಿ ಬೀಳಬಹುದು. ಹನಿ ಬೀಳ್ತದೆ ಎಂದು ಬಟ್ಟೆ ತುರುಕಬೇಡಿ, ಬಿರಡೆ ಹಾಕಬೇಡಿ.

ಈಗ ಒಂದು ಲೆಕ್ಕ ಮಾಡೋಣ. ನಮ್ಮ ಗೀಸರ್ ಮೇಲೆ 2000 ವ್ಯಾಟ್ ಎಂದು ಬರೆದಿದೆ. ನಮ್ಮ ಮನೆಗಳ ಕರೆಂಟು 230 ವೋಲ್ಟ್. 2000ವನ್ನು 230ರಿಂದ ಭಾಗಿಸಿ. ಸುಮಾರು 9 ಆಂಪಿಯರ್ ಬಂತಲ್ವಾ? ದೀಪದ ಬೋರ್ಡಿನ ಸಣ್ಣ ಸಾಕೆಟ್ 6 ಆಂಪಿಯರಿನದು. ಅದು ತಡೆಯುವುದಿಲ್ಲ. ವೈರು ಕಾಯುತ್ತದೆ, ಸುಡುತ್ತದೆ. ಗೀಸರಿಗೆ 16 ಆಂಪಿಯರ್ ಸಾಕೆಟ್ ಬೇಕು. ಅದಕ್ಕೆ ಬೇರೆಯೇ ದಪ್ಪ ವೈರು ಬೇಕು.

ಈ ಮಾತುಗಳನ್ನು ನೆನಪಿಡಿ.

1. ಮೂರು ವೈರು ಇಲ್ಲದೆ ಗೀಸರ್ ಹಾಕಿಸಬೇಡಿ.
2. ವಾಲ್ವು ಕೂರಿಸದೆ ಸ್ವಿಚ್ ಹಾಕಬೇಡಿ.
3. ಮೊದಲು ಗೀಸರ್ ತುಂಬಲಿ. ಬಿಸಿನೀರಿನ ನಲ್ಲಿಯಲ್ಲಿ ನೀರು ಬಂದ ಮೇಲೆಯೇ ಸ್ವಿಚ್ ಹಾಕಿ.
4. ನೀರು ಕಾದ ಮೇಲೆ ಸ್ವಿಚ್ ಆರಿಸಿ. ಆಮೇಲೆ ಸ್ನಾನ ಮಾಡಿ.
5. ಮೇನ್ ಬೋರ್ಡಿನಲ್ಲಿ 30 ಮಿಲಿ ಆಂಪಿಯರಿನ ಆರ್‌ಸಿಸಿಬಿ ಹಾಕಿಸಿ. ಕರೆಂಟು ಸೋರಿದರೆ ಅದು ತಾನೇ ಆರಿಸುತ್ತದೆ. ಆದರೆ ಅರ್ತ್ ಕೂಡ ಇರಲೇಬೇಕು.
6. ಜುಮ್ ಎಂದರೆ ಮತ್ತೆ ಮುಟ್ಟಿ ನೋಡಬೇಡಿ. ಮೇನ್ ಆರಿಸಿ, ತಿಳಿದವರನ್ನು ಕರೆಸಿ.
7. ಯಾರಿಗಾದರೂ ಕರೆಂಟು ಹೊಡೆದರೆ ಅವರನ್ನು ಕೈಯಿಂದ ಮುಟ್ಟಬೇಡಿ. ಮೊದಲು ಮೇನ್ ಆರಿಸಿ. 108ಕ್ಕೆ ಫೋನ್ ಮಾಡಿ.

ಕೊನೆಗೆ ಒಂದು ಮಾತು. ಕೆಲಸ ಮುಗಿಯದೆ ಪೂರ್ತಿ ದುಡ್ಡು ಕೊಡಬೇಡಿ. "ನಾಳೆ ಹಾಕ್ತೀನಿ" ಎಂದರೆ "ನಾಳೆ ಹಾಕಿದ ಮೇಲೆಯೇ ಸ್ವಿಚ್ ಹಾಕ್ತೇವಪ್ಪಾ" ಎನ್ನಿ. ಹೀಗೆ ಕೇಳುವುದು ಜಗಳ ಅಲ್ಲ. ಕೇಳಲು ದೊಡ್ಡ ಓದೂ ಬೇಡ. ನಮ್ಮ ಅಮ್ಮನಿಗೆ ಮೂರರವರೆಗೆ ಎಣಿಸಿದ್ದೇ ಸಾಕಾಯಿತು.

ಇವತ್ತು ಮನೆಗೆ ಹೋದವರು ಮೊದಲು ಬಚ್ಚಲಿಗೆ ಹೋಗಿ. ಏನನ್ನೂ ಮುಟ್ಟಬೇಡಿ, ಬಿಚ್ಚಬೇಡಿ. ಕಣ್ಣಿನಿಂದ ನೋಡಿ. ವಾಲ್ವು ಇದೆಯಾ? ಸಾಕೆಟ್ ದೊಡ್ಡದಾ? ಮೂರನೇ ವೈರು ಎಲ್ಲಿ ಎಂದು ಕೂರಿಸಿದವರನ್ನು ಕೇಳಿ. ನಾಳೆ ತರಗತಿಗೆ ಬಂದಾಗ ಕಂಡದ್ದನ್ನು ನಿಮ್ಮ ಕೈಯಾರೆ ಹಲಗೆಯ ಮೇಲೆ ಬರೆಯಿರಿ.