ಹಳೆಯ ಮಸ್ಟಾಂಗ್‌ಗೆ ಹೊಸ ಕೀಲುಗಳು



ಅಮೆರಿಕದ ಫೋರ್ಡ್ ಕಂಪನಿ ತನ್ನ ಮಸ್ಟಾಂಗ್ ಕಾರನ್ನು 1964ರ ಏಪ್ರಿಲ್ 17ರಂದು ನ್ಯೂಯಾರ್ಕಿನ ವಿಶ್ವಮೇಳದಲ್ಲಿ ಜನರ ಮುಂದಿಟ್ಟಿತು. 1966ರ ಮಾರ್ಚ್ ವೇಳೆಗೆ ಹತ್ತು ಲಕ್ಷ ಕಾರುಗಳು ತಯಾರಾಗಿದ್ದವು. ಉಳಿದಿರುವವುಗಳನ್ನು ಅಲ್ಲಿನ ಆಸಕ್ತರು ಇಂದಿಗೂ ಮನೆಯ ಗ್ಯಾರೇಜಿನಲ್ಲೇ ಬಿಚ್ಚಿ, ಜೋಡಿಸಿ, ಓಡಿಸುತ್ತಾರೆ. ಬಿಡಿಭಾಗಗಳು ಹೊಸದಾಗಿಯೇ ತಯಾರಾಗಿ ಸಿಗುತ್ತವೆ. ಬಣ್ಣ, ಸೀಟು, ಕ್ರೋಮಿಯಂ ಪಟ್ಟಿಗಳ ಮಾತು ಹಾಗಿರಲಿ. ಅವು ನೋಡುವವರ ಕಣ್ಣಿಗೆ. ಮುಂದಿನ ಚಕ್ರಗಳನ್ನು ಹಿಡಿದಿರುವ ಸಸ್ಪೆನ್ಷನ್ ಮಾತ್ರ ಕೂತವರ ಪ್ರಾಣಕ್ಕೆ ಸಂಬಂಧಿಸಿದ್ದು.

ಅದರ ರಚನೆಯನ್ನು ಮೊದಲು ನೋಡೋಣ. ಪ್ರತಿ ಮುಂಚಕ್ರವನ್ನು ಮೇಲೊಂದು, ಕೆಳಗೊಂದು ಉಕ್ಕಿನ ತೋಳು ಹಿಡಿದಿರುತ್ತವೆ. ತೋಳಿನ ಹೊರತುದಿಯಲ್ಲಿ ಬಾಲ್ ಜಾಯಿಂಟ್. ನಮ್ಮ ತೊಡೆಯ ಕೀಲಿನಂತೆ ಒಂದು ಗುಂಡು ಬಟ್ಟಲಿನೊಳಗೆ ಹೊರಳುತ್ತದೆ. 1967ರ ಷೆವರ್ಲೆ ಕಮಾರೊ ಕಾರಿನಲ್ಲಿ ಸುರುಳಿ ಸ್ಪ್ರಿಂಗ್ ಕೆಳತೋಳಿನ ಮೇಲೆ ಕೂತಿದ್ದರೆ, ಮಸ್ಟಾಂಗ್‌ನಲ್ಲಿ ಅದು ಮೇಲ್ತೋಳಿನ ಮೇಲೆ ಕೂತಿದೆ. ಆದ್ದರಿಂದ ಕಾರಿನ ಭಾರ ಹೊರುವುದು ಇಲ್ಲಿ ಮೇಲಿನ ಬಾಲ್ ಜಾಯಿಂಟ್. ಸವೆದಿದೆಯೇ ಎಂದು ಮೊದಲು ನೋಡಬೇಕಾದದ್ದೂ ಅದನ್ನೇ. ಕೆಳತೋಳಿನಿಂದ ಒಂದು ಸರಳು ಮುಂದಕ್ಕೆ ಹೋಗಿ, ಎರಡು ರಬ್ಬರ್ ಬುಷ್‌ಗಳ ನಡುವೆ ಕಾರಿನ ಮೈಗೆ ಬಿಗಿದುಕೊಂಡಿರುತ್ತದೆ. ಈ ರಬ್ಬರು ಕರಗಿದರೆ ಬ್ರೇಕ್ ಒತ್ತಿದೊಡನೆ ಚಕ್ರ ಹಿಂದಕ್ಕೆ ಸರಿದು ಕಾರು ಒಂದು ಪಕ್ಕಕ್ಕೆ ಎಳೆಯುತ್ತದೆ. ಎಷ್ಟೋ ಜನ ಬ್ರೇಕನ್ನೇ ದೂರುತ್ತಾರೆ.

ಸ್ಪ್ರಿಂಗ್ ಬಿಚ್ಚುವಾಗ ಅದನ್ನು ಅದುಮಿ ಹಿಡಿಯುವ ಕಂಪ್ರೆಸರ್ ಇಲ್ಲದೆ ಕೈ ಹಾಕಲೇಬಾರದು. ಹಿಡಿತ ತಪ್ಪಿ ಚಿಮ್ಮಿದರೆ ಮೂಳೆ ಮುರಿಯುವಷ್ಟು ಬಲ ಅದರಲ್ಲಿ ಅಡಗಿರುತ್ತದೆ.

ಇನ್ನು ಮುಖ್ಯವಾದ ಮಾತು. ಕೆಳತೋಳಿನ ಒಳತುದಿಯಲ್ಲಿ ರಬ್ಬರ್ ಬುಷ್ ಇದೆಯಲ್ಲ, ಅದು ಬಾಗಿಲಿನ ತಿರುಗಣಿಯಂತೆ ಜಾರಿ ತಿರುಗುವುದಿಲ್ಲ. ಒಳಗಿನ ಲೋಹದ ಕೊಳವೆಯನ್ನು ಬೋಲ್ಟು ಅಲುಗದಂತೆ ಹಿಡಿಯುತ್ತದೆ. ಚಕ್ರ ಏರಿಳಿದಾಗ ರಬ್ಬರು ತಾನೇ ತಿರುಚಿಕೊಂಡು, ಮತ್ತೆ ಮೊದಲಿನ ಸ್ಥಿತಿಗೆ ಬರುತ್ತದೆ. ಕಾರನ್ನು ಜ್ಯಾಕ್ ಮೇಲೆ ಎತ್ತಿ, ಚಕ್ರ ಜೋತು ಬಿದ್ದಿರುವಾಗಲೇ ಬೋಲ್ಟು ಬಿಗಿದರೆ ಏನಾಗುತ್ತದೆ? ಕಾರು ನೆಲಕ್ಕಿಳಿದ ಗಳಿಗೆಯಿಂದ ರಬ್ಬರು ಹಗಲಿರುಳೂ ತಿರುಚಿಕೊಂಡೇ ಇರುತ್ತದೆ. ಹೊಸ ಬುಷ್ ಬಹುಬೇಗ ಹರಿಯುತ್ತದೆ, ಬೈಗುಳ ಮಾತ್ರ ಅಂಗಡಿಯವನಿಗೆ! ಆದ್ದರಿಂದ ಮೊದಲು ಬೋಲ್ಟನ್ನು ಸಡಿಲವಾಗಿ ಕೂಡಿಸಿ, ಕಾರಿನ ಪೂರ್ಣ ಭಾರ ಚಕ್ರಗಳ ಮೇಲೆ ಬಿದ್ದ ನಂತರವೇ ಕೊನೆಯ ಬಿಗಿ ಕೊಡಬೇಕು.

ರಬ್ಬರಿನ ಬದಲು ಗಟ್ಟಿಯಾದ ಪಾಲಿಯುರೆಥೇನ್ ಬುಷ್‌ಗಳೂ ಬಂದಿವೆ. ರೇಸಿನ ಕಾರಿಗೆ ಅವು ಸರಿಯೇ. ಆದರೆ ಆಗಲೇ ಹೇಳಿದ ಸರಳು ಚಕ್ರದೊಡನೆ ಏರಿಳಿಯುವಾಗ ಅದರ ಬುಡ ಓರೆಯಾಗಬೇಕು. ರಬ್ಬರು ಅದಕ್ಕೆ ಎಡೆ ಕೊಡುತ್ತದೆ, ಗಟ್ಟಿ ಪ್ಲಾಸ್ಟಿಕ್ ಅಷ್ಟು ಕೊಡುವುದಿಲ್ಲ, ಸರಳೇ ಬಾಗಬೇಕಾಗುತ್ತದೆ. ರಸ್ತೆಯ ಮೇಲೆ ಓಡುವ ಕಾರಿಗೆ ಅಲ್ಲಿ ರಬ್ಬರೇ ಮೇಲೆಂದು ನನ್ನ ಅಭಿಪ್ರಾಯ.

ಹಣವಿಲ್ಲದೆ ಆಗುವ ಒಂದು ಸುಧಾರಣೆಯೂ ಉಂಟು. ಕ್ಯಾರೊಲ್ ಶೆಲ್ಬಿ 1965ರ ತಮ್ಮ ಜಿಟಿ350 ಕಾರುಗಳಲ್ಲಿ ಮೇಲ್ತೋಳಿನ ಬುಡವನ್ನು ಒಂದು ಇಂಚು ಕೆಳಗಿಳಿಸಿದರು. ಹೊಸ ತೂತುಗಳನ್ನು ಕೊರೆದರಾಯಿತು. ತಿರುವಿನಲ್ಲಿ ಕಾರು ವಾಲಿದರೂ ಹೊರಚಕ್ರದ ಟೈರು ರಸ್ತೆಗೆ ಹೆಚ್ಚು ಸಮವಾಗಿ ಒತ್ತಿಕೊಳ್ಳುತ್ತದೆ. ಮೂಲರೂಪ ಕೆಡಬಾರದೆನ್ನುವವರು ಇದಕ್ಕೆ ಒಪ್ಪುವುದಿಲ್ಲ, ಅದೂ ನ್ಯಾಯವೇ.

ಕಡೆಗೆ ಚಕ್ರಗಳ ಅಲೈನ್‌ಮೆಂಟ್. ಅಂದಿನ ಕೈಪಿಡಿಯ ಅಳತೆಗಳು ಅಡ್ಡನೂಲಿನ ಹಳೆಯ ಟೈರುಗಳಿಗೆ ಹೇಳಿದವು. ಇಂದು ರೇಡಿಯಲ್ ಟೈರು ಹಾಕಿದ್ದರೆ ಚಕ್ರದ ತಲೆ ಕೊಂಚ ಒಳಕ್ಕೆ ವಾಲಿರಲಿ, ಕ್ಯಾಸ್ಟರ್ ಕೈಪಿಡಿಯಲ್ಲಿ ಹೇಳಿದ್ದಕ್ಕಿಂತ ಹೆಚ್ಚಿರಲಿ. 1965 ಮತ್ತು 1966ರ ಕಾರುಗಳಲ್ಲಿ ಇದನ್ನು ಸರಿಪಡಿಸುವುದು ಮೇಲ್ತೋಳಿನ ಬುಡಕ್ಕೆ ಕೊಡುವ ತೆಳು ತಗಡಿನ ಷಿಮ್‌ಗಳಿಂದ. ಬಿಚ್ಚುವಾಗಲೇ ಯಾವ ಬೋಲ್ಟಿಗೆ ಎಷ್ಟು ಷಿಮ್ ಇತ್ತೆಂದು ಬರೆದಿಟ್ಟುಕೊಳ್ಳಿ.