ಗಂಡು ಮಕ್ಕಳಿಗೂ ಬರುವ ಲೂಪಸ್



ಇಂದು ಲೂಪಸ್ ಎಂಬ ಕಾಯಿಲೆಯ ಬಗ್ಗೆ ನಾಲ್ಕು ಮಾತು ಹೇಳುತ್ತೇನೆ. ರೋಗಾಣುಗಳಿಂದ ನಮ್ಮನ್ನು ಕಾಯಬೇಕಾದ ರೋಗನಿರೋಧಕ ಶಕ್ತಿಯೇ ತಿರುಗಿ ಬಿದ್ದು ಕೀಲು, ಚರ್ಮ, ರಕ್ತ, ಕಿಡ್ನಿಗಳಿಗೆ ಹಾನಿ ಮಾಡುವ ಕಾಯಿಲೆ ಇದು. ಅಂಟುರೋಗವಲ್ಲ, ಕ್ಯಾನ್ಸರೂ ಅಲ್ಲ.

10 ರೋಗಿಗಳಲ್ಲಿ ಸುಮಾರು 9 ಮಂದಿ ಹೆಂಗಸರು. ಹಾಗಾಗಿ ಇದು ಹೆಂಗಸರ ಕಾಯಿಲೆ ಎಂದೇ ಹೆಸರಾಗಿದೆ. ಉಳಿದ ಆ ಒಬ್ಬ ಗಂಡಸಿಗೆ ಇದೇ ತೊಂದರೆ. ಅವನಿಗೂ ಇದು ಬಂದಿರಬಹುದೆಂದು ಮನೆಯವರಿಗೆ ಹೊಳೆಯುವುದಿಲ್ಲ, ಕೆಲವೊಮ್ಮೆ ವೈದ್ಯರಿಗೂ ಬೇಗ ಹೊಳೆಯುವುದಿಲ್ಲ.

ಮೂಗು ಮತ್ತು ಕೆನ್ನೆಗಳ ಮೇಲೆ ಚಿಟ್ಟೆಯ ರೆಕ್ಕೆಯಂತೆ ಹರಡುವ ಕೆಂಪು ಬಣ್ಣ ಲೂಪಸ್‌ನ ಪ್ರಸಿದ್ಧ ಗುರುತು. ಗಂಡಸರಲ್ಲಿ ಅದು ಕಾಣಿಸದೆಯೂ ಇರಬಹುದು. ಆದರೆ ಕಿಡ್ನಿಗೆ ಪೆಟ್ಟು, ಶ್ವಾಸಕೋಶ ಮತ್ತು ಹೃದಯದ ಹೊದಿಕೆಯ ಉರಿಯೂತ, ಪ್ಲೇಟ್‌ಲೆಟ್ ಕಡಿಮೆಯಾಗುವುದು ಇವು ಗಂಡಸರಲ್ಲೇ ಹೆಚ್ಚೆಂದು ಹಲವು ಅಧ್ಯಯನಗಳಲ್ಲಿ ಕಂಡಿದೆ. ಕಿಡ್ನಿ ಕೆಡುವಾಗ ಸಾಮಾನ್ಯವಾಗಿ ನೋವಿರುವುದಿಲ್ಲ ಎಂಬುದನ್ನು ನೆನಪಿಡಿ.

ವಾರಗಟ್ಟಲೆ ಬಿಟ್ಟು ಬಿಟ್ಟು ಬರುವ ಜ್ವರ, ಬೆಳಿಗ್ಗೆ ಬೆರಳುಗಳು ಹಿಡಿದುಕೊಳ್ಳುವುದು, ಬಾಯಿಹುಣ್ಣು, ಉಸಿರೆಳೆದಾಗ ಎದೆನೋವು, ಕಾಲಿನಲ್ಲಿ ಬಾವು, ಮೂತ್ರದಲ್ಲಿ ನೊರೆ, ಚಿಕ್ಕ ವಯಸ್ಸಿಗೇ ಬಿಪಿ — ಹುಡುಗನಲ್ಲಿ ಇಂಥವು ಕಂಡರೆ "ಕಾಲೇಜು ತಪ್ಪಿಸಲು ನೆಪ" ಎನ್ನಬೇಡಿ. "ಗಂಡು ಹುಡುಗ, ತಡೆದುಕೊಳ್ಳಲಿ" ಎಂದೂ ಬಿಡಬೇಡಿ. ಮೊದಲು ಬಿಪಿ, ಮೂತ್ರದ ಪ್ರೋಟೀನ್, ಕ್ರಿಯೇಟಿನಿನ್ ನೋಡಿಸಿ. ಇವಕ್ಕೆ ದೊಡ್ಡ ಆಸ್ಪತ್ರೆಯೇ ಬೇಕೆಂದಿಲ್ಲ. ಸಂಶಯವಿದ್ದರೆ ವೈದ್ಯರು ಎಎನ್‌ಎ ಎಂಬ ರಕ್ತಪರೀಕ್ಷೆ ಬರೆಯುತ್ತಾರೆ. ಅದು ಪಾಸಿಟಿವ್ ಬಂದ ಮಾತ್ರಕ್ಕೆ ಲೂಪಸ್ ಎಂದಲ್ಲ. ಆರೋಗ್ಯವಂತರಲ್ಲೂ ಹಾಗೆ ಬರುವುದುಂಟು. ರುಮಟಾಲಜಿ ತಜ್ಞರು ಎಲ್ಲವನ್ನೂ ಕೂಡಿಸಿ ನೋಡಿ ತೀರ್ಮಾನಿಸುತ್ತಾರೆ.

ಪೂರ್ತಿ ವಾಸಿಯಾಗದಿದ್ದರೂ ಇದನ್ನು ಹತೋಟಿಯಲ್ಲಿಡಬಹುದು. ಹೈಡ್ರಾಕ್ಸಿಕ್ಲೋರೋಕ್ವಿನ್ ಮುಖ್ಯ ಮಾತ್ರೆ. ಅದನ್ನು ತೆಗೆದುಕೊಳ್ಳುವವರು ವೈದ್ಯರು ಹೇಳಿದಂತೆ ಕಣ್ಣು ಪರೀಕ್ಷೆ ಮಾಡಿಸಿಕೊಳ್ಳಬೇಕು. ಸ್ಟಿರಾಯ್ಡನ್ನು ಒಮ್ಮೆಲೇ ನಿಲ್ಲಿಸುವುದು ಅಪಾಯ. ಕಿಡ್ನಿಗೆ ಕೊಡುವ ಸೈಕ್ಲೋಫಾಸ್ಫಮೈಡ್ ಔಷಧಿಯಿಂದ ಮುಂದೆ ಮಕ್ಕಳಾಗುವುದಕ್ಕೆ ತೊಂದರೆಯಾಗಬಹುದು. ಯುವಕರು ನಾಚಿಕೊಳ್ಳದೆ ಮೊದಲೇ ವೈದ್ಯರನ್ನು ಕೇಳಬೇಕು. ಬಿಸಿಲಿನಲ್ಲಿ ದುಡಿಯುವವರು ತುಂಬುತೋಳಿನ ಅಂಗಿ, ಟೋಪಿ ಬಿಡಬಾರದು. ರಂಜಾನ್ ಉಪವಾಸದ ವಿಚಾರವನ್ನೂ ತಿಂಗಳ ಮುಂಚೆಯೇ ವೈದ್ಯರಲ್ಲಿ ಮಾತನಾಡಿ. ಮಾತ್ರೆ ಬಿಟ್ಟು ರೋಜಾ ಹಿಡಿಯಬೇಡಿ.

ತಾಯಂದಿರೇ, ಹೆಣ್ಣು ಮಗಳ ಮುಖ ಬಾಡಿದರೆ ಕೇಳುತ್ತೀರಿ. ಮಗನನ್ನೂ ಹಾಗೆಯೇ ಕೂರಿಸಿ ಕೇಳಿ. ಗಂಡು ಮಕ್ಕಳು ತಾವಾಗಿ ಹೇಳುವುದು ಕಡಿಮೆ.