ಕತ್ತಿನ ರಕ್ತನಾಳ ಮತ್ತು ಅಲ್ಟ್ರಾಸೌಂಡ್ ಪರೀಕ್ಷೆ



ಅಲ್ಟ್ರಾಸೌಂಡ್ ಎಂದೊಡನೆ ನಮಗೆ ನೆನಪಾಗುವುದು ಗರ್ಭಿಣಿಯರ ಸ್ಕ್ಯಾನಿಂಗ್. ಇದೇ ಪರೀಕ್ಷೆ ಪಾರ್ಶ್ವವಾಯುವಿನ ಅಪಾಯವನ್ನೂ ಮುಂಚಿತವಾಗಿ ತೋರಿಸಬಲ್ಲದೆಂಬುದು ಅನೇಕರಿಗೆ ತಿಳಿದಿಲ್ಲ.

ಗಂಟಲಿನ ಪಕ್ಕದಲ್ಲಿ ಮೆಲ್ಲಗೆ ಬೆರಳಿಟ್ಟರೆ ನಾಡಿ ಬಡಿಯುತ್ತದೆ. ಅದು ಮೆದುಳಿಗೆ ರಕ್ತ ಒಯ್ಯುವ ಕ್ಯಾರೋಟಿಡ್ ಅಪಧಮನಿ. ಎಡಕ್ಕೊಂದು, ಬಲಕ್ಕೊಂದು ಇದೆ. ಅದು ಕವಲೊಡೆಯುವ ಜಾಗದಲ್ಲಿ ವಯಸ್ಸಾದಂತೆ ಕೊಬ್ಬು ಶೇಖರವಾಗುತ್ತದೆ. ರಕ್ತದೊತ್ತಡ, ಸಕ್ಕರೆ ಕಾಯಿಲೆ, ಬೀಡಿ-ಸಿಗರೇಟು ಇದನ್ನು ಹೆಚ್ಚಿಸುತ್ತವೆ. ಕೊಬ್ಬಿನ ಪದರ ಬಿರಿದರೆ ಅದರ ಮೇಲೆ ರಕ್ತ ಹೆಪ್ಪುಗಟ್ಟುತ್ತದೆ. ಆ ಹೆಪ್ಪಿನ ತುಣುಕು ಕಳಚಿ ಮೆದುಳಿನ ನಾಳದಲ್ಲಿ ಸಿಕ್ಕಿಕೊಂಡರೆ ಪಾರ್ಶ್ವವಾಯು ಬಡಿಯುತ್ತದೆ.

ಪರೀಕ್ಷೆ ಬಹಳ ಸರಳ. ಕತ್ತಿಗೆ ಜೆಲ್ ಸವರಿ ಪ್ರೋಬ್ ಎಂಬ ಸಾಧನವನ್ನು ಆಡಿಸುತ್ತಾರೆ. ಸೂಜಿಯಿಲ್ಲ, ನೋವಿಲ್ಲ, ಎಕ್ಸ್‌ರೇ ಕಿರಣಗಳೂ ಇಲ್ಲ. ನಮ್ಮ ಕಿವಿಗೆ ಕೇಳಿಸದ ಧ್ವನಿ ಒಳಗೆ ಹೋಗಿ ಪ್ರತಿಧ್ವನಿಸಿ ನಾಳದ ಚಿತ್ರ ಮೂಡಿಸುತ್ತದೆ. ಹರಿಯುವ ರಕ್ತಕ್ಕೆ ತಾಗಿ ಮರಳುವ ಧ್ವನಿಯ ಕಂಪನದಲ್ಲಿ ವ್ಯತ್ಯಾಸವಾಗುತ್ತದೆ. ಇದು ಆಸ್ಟ್ರಿಯಾದ ವಿಜ್ಞಾನಿ ಕ್ರಿಶ್ಚಿಯನ್ ಡಾಪ್ಲರ್ 1842ರಲ್ಲಿ ವಿವರಿಸಿದ ತತ್ವ. ಈ ವ್ಯತ್ಯಾಸದಿಂದ ರಕ್ತದ ವೇಗ ತಿಳಿಯುತ್ತದೆ. ನೀರಿನ ಪೈಪಿನ ಬಾಯಿಯನ್ನು ಬೆರಳಿನಿಂದ ಒತ್ತಿದರೆ ನೀರು ರಭಸದಿಂದ ಚಿಮ್ಮುವಂತೆ, ಕಿರಿದಾದ ನಾಳದಲ್ಲಿ ರಕ್ತವೂ ರಭಸದಿಂದ ಹರಿಯುತ್ತದೆ. ವೇಗ ಸೆಕೆಂಡಿಗೆ 230 ಸೆಂಟಿಮೀಟರ್ ದಾಟಿದರೆ ನಾಳ ಶೇ. 70ಕ್ಕಿಂತ ಹೆಚ್ಚು ಕಿರಿದಾಗಿದೆಯೆಂದು ವೈದ್ಯರು ಅನುಮಾನಿಸುತ್ತಾರೆ. ಹೊಸ ಹೆಪ್ಪು ಸಾಮಾನ್ಯ ಚಿತ್ರದಲ್ಲಿ ರಕ್ತದಂತೆಯೇ ಕಪ್ಪಾಗಿ ಕಂಡು ಕಣ್ತಪ್ಪಬಹುದು. ಬಣ್ಣದ ಡಾಪ್ಲರ್‌ನಲ್ಲಾದರೋ ಆ ಜಾಗದಲ್ಲಿ ಬಣ್ಣ ತುಂಬುವುದಿಲ್ಲವಾದ್ದರಿಂದ ಅದು ಪತ್ತೆಯಾಗುತ್ತದೆ.

ಹಾಗೆಂದು ಆರೋಗ್ಯವಂತರೆಲ್ಲರೂ ಈ ಪರೀಕ್ಷೆಗೆ ಸಾಲುಗಟ್ಟಬೇಕಾಗಿಲ್ಲ. ಆದರೆ ಒಂದು ಲಕ್ಷಣವನ್ನು ಮಾತ್ರ ಮರೆಯಬೇಡಿ. ಇದ್ದಕ್ಕಿದ್ದಂತೆ ಒಂದು ಕೈ ಸೋಲುವುದು, ಮಾತು ತೊದಲುವುದು, ಒಂದು ಕಣ್ಣಿಗೆ ಕತ್ತಲೆ ಕವಿಯುವುದು, ಕೆಲವೇ ನಿಮಿಷಗಳಲ್ಲಿ ಎಲ್ಲವೂ ಸರಿಹೋಗುವುದು. "ಸರಿಹೋಯಿತಲ್ಲ, ಆಯಾಸವಿರಬೇಕು" ಎಂದು ಮನೆಯವರು ಸುಮ್ಮನಾಗುತ್ತಾರೆ. ಅಪಾಯವಿರುವುದು ಅಲ್ಲೇ. ಇಂತಹ ಲಕ್ಷಣ ಕಂಡು, ನಾಳ ಶೇ. 70ಕ್ಕಿಂತ ಹೆಚ್ಚು ಕಿರಿದಾಗಿದ್ದವರ ಬಗ್ಗೆ ಉತ್ತರ ಅಮೆರಿಕಾದ ಒಂದು ದೊಡ್ಡ ಅಧ್ಯಯನದ ಫಲಿತಾಂಶ 1991ರಲ್ಲಿ ಪ್ರಕಟವಾಯಿತು. ಕೇವಲ ಔಷಧಿ ಪಡೆದ 100 ಮಂದಿಯಲ್ಲಿ ಎರಡು ವರ್ಷದೊಳಗೆ ಸುಮಾರು 26 ಮಂದಿಗೆ ಅದೇ ನಾಳದ ಕಡೆಯಿಂದ ಪಾರ್ಶ್ವವಾಯು ಬಡಿದರೆ, ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರಲ್ಲಿ ಅದು ಸುಮಾರು 9 ಮಂದಿಗೆ ಇಳಿದಿತ್ತು.

ವಿದ್ಯಾರ್ಥಿಗಳೇ, ಮನೆಯ ಹಿರಿಯರಲ್ಲಿ ಈ ಲಕ್ಷಣ ಕಂಡರೆ ಮರುದಿನಕ್ಕೆ ಮುಂದೂಡಬೇಡಿ. ಕೂಡಲೇ ಆಸ್ಪತ್ರೆಗೆ ಕರೆದೊಯ್ಯಿರಿ, ಲಕ್ಷಣ ಆರಂಭವಾದ ಸಮಯವನ್ನು ವೈದ್ಯರಿಗೆ ತಿಳಿಸಿರಿ. ನೀವು ಕಲಿತ ವಿದ್ಯೆ ನಿಮ್ಮ ಮನೆಗೇ ಮೊದಲು ಉಪಯೋಗವಾಗಲಿ.